ಕತ್ತಿ ಕಂಡಿತು, ಕಾಡು ಕಾಣಲಿಲ್ಲ

‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ 1990ರಲ್ಲಿ ದೂರದರ್ಶನದಲ್ಲಿ ಬರುತ್ತಿದ್ದಾಗ ಪ್ರತಿ ಕಂತಿನ ಜೊತೆ ಒಂದು ಪ್ರಕಟಣೆ ಇರುತ್ತಿತ್ತು. ಇದು ಕಲ್ಪಿತ ಕಥೆ, ಚಾರಿತ್ರಿಕ ಸತ್ಯವೆಂದು ಹೇಳಿಕೊಳ್ಳುವುದಿಲ್ಲ ಎಂಬುದು ಅದರ ಸಾರಾಂಶ. ಧಾರಾವಾಹಿಗೆ ವಿರೋಧ ಎದ್ದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅಲ್ಲಿಂದ ಬಂದ ಷರತ್ತು ಅದು. ಅದನ್ನು ಓದಿ ಮುಗಿಸುವಷ್ಟರಲ್ಲಿ ನೌಷಾದರ ಸಂಗೀತ, ಕುದುರೆ, ಕೋಟೆ, ನಗಾರಿ. ಆಮೇಲೆ ಪ್ರಕಟಣೆ ಯಾರಿಗೆ ನೆನಪಿರುತ್ತದೆ? 60 ಕಂತು ಮುಗಿಯುವ ಹೊತ್ತಿಗೆ ದೇಶದ ಬಹಳಷ್ಟು ಮನೆಗಳಲ್ಲಿ ಟಿಪ್ಪು ಎಂದರೆ ಸಂಜಯ್ ಖಾನರ ಮುಖ.

ಕಲ್ಪಿತ ಕಥೆ ಎಂಬುದರ ಬಗ್ಗೆ ನನ್ನ ತಕರಾರಿಲ್ಲ. ಚರಿತ್ರೆಯನ್ನು ಕುರಿತ ನಾಟಕವೆಲ್ಲ ಕಲ್ಪಿತವೇ. ಭಗವಾನ್ ಗಿದ್ವಾನಿ 1976ರಲ್ಲಿ ಬರೆದದ್ದು ಕಾದಂಬರಿ. ಅದನ್ನು ಧಾರಾವಾಹಿ ಮಾಡಿದವರಿಗೆ ಕಾದಂಬರಿಯ ಸ್ವಾತಂತ್ರ್ಯ ಇದ್ದೇ ಇತ್ತು. ನನ್ನ ದೂರು ಅವರು ಆ ಸ್ವಾತಂತ್ರ್ಯವನ್ನು ಬಳಸಿಕೊಳ್ಳಲೇ ಇಲ್ಲ ಎಂಬುದು. ಕಲ್ಪನೆಯ ಹೆಸರಿನಲ್ಲಿ ಬಂದ ಈ ಕೃತಿಯಲ್ಲಿ ಅತಿ ಕಡಿಮೆ ಇದ್ದದ್ದೇ ಕಲ್ಪನೆ.

ಕರಿಕೆಯಿಂದ ನೋಡಿದರೆ ಇದು ಬೇಗ ಕಾಣುತ್ತದೆ. ಕೊಡಗಿನ ನಕ್ಷೆಯಲ್ಲಿ ನಮ್ಮದು ಘಟ್ಟದ ಪಶ್ಚಿಮದ ಇಳಿಜಾರು. ಮೇಲೆ ಹೋದರೆ ಭಾಗಮಂಡಲ, ಕೆಳಗೆ ಇಳಿದರೆ ಕೇರಳದ ಪಾಣತ್ತೂರು, ಮುಂದೆ ಕಾಞಂಗಾಡು. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ಕಾಫಿಗಿಂತ ಅಡಿಕೆ, ರಬ್ಬರ್ ಹೆಚ್ಚು. ಮಳೆಗಾಲದಲ್ಲಿ ಭಾಗಮಂಡಲದ ರಸ್ತೆಗೆ ಮಣ್ಣು ಕುಸಿದರೆ ಜಿಲ್ಲೆಯ ಜೊತೆಗಿನ ಸಂಬಂಧವೇ ಕಡಿದುಹೋಗುತ್ತದೆ. 1990ರಲ್ಲಿ ಇಲ್ಲಿ ಟಿ.ವಿ. ಇದ್ದ ಮನೆಗಳು ಬೆರಳೆಣಿಕೆಯವು. ಇದ್ದ ಮನೆಯ ಜಗಲಿಯಲ್ಲಿ ಊರೇ ಕೂತು ನೋಡುತ್ತಿತ್ತು. ಟಿಪ್ಪುವಿನ ಕಥೆ ಎಂದಾಗ ಆ ಕುತೂಹಲ ಬೇರೆ ಕಡೆಯಂಥದ್ದಾಗಿರಲಿಲ್ಲ. ಇಲ್ಲಿನ ಅಜ್ಜಂದಿರ ಬಾಯಲ್ಲಿ ಟಿಪ್ಪು ಪುಸ್ತಕದ ರಾಜನಾಗಿರಲಿಲ್ಲ, ಘಟ್ಟ ಹತ್ತಿ ಬಂದವನಾಗಿದ್ದ. ಮಡಿಕೇರಿಗೆ ಜಾಫರಾಬಾದ್ ಎಂದೂ ಭಾಗಮಂಡಲಕ್ಕೆ ಅಫ್ಜಲಾಬಾದ್ ಎಂದೂ ಹೆಸರಿಟ್ಟವನು. ಜನರನ್ನು ಸೆರೆಹಿಡಿದ ಜಾಗ ಎಂದು ಹೇಳುವ, ಅಯ್ಯಂಗೇರಿ ಕಡೆಯ ದೇವಟ್ಟಿಪರಂಬು ಎಂದರೆ ಇಂದಿಗೂ ದನಿ ತಗ್ಗಿಸಿ ಮಾತಾಡುವ ಮನೆಗಳಿವೆ. ಎಷ್ಟು ಜನರನ್ನು ಹಿಡಿದೊಯ್ದರು ಎಂಬ ಲೆಕ್ಕದಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆಸ್ಥಾನದ ಬರಹಗಾರರು ಜಂಬಕ್ಕೆ ಹೆಚ್ಚಿಸಿರಬಹುದು, ಇಂಗ್ಲಿಷರು ದ್ವೇಷಕ್ಕೆ ಹೆಚ್ಚಿಸಿರಬಹುದು. 1785ರ ದಂಗೆಯ ನಂತರ ಕೊಡಗಿನಿಂದ ಜನರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದಂತೂ ನಡೆದ ಸಂಗತಿ.

ಹಾಗಾದರೆ ಟಿಪ್ಪುವನ್ನು ಹೊಗಳಿದ್ದಕ್ಕೆ ನನಗೆ ಬೇಸರವೇ? ಓದುಗರು ಹಾಗೆ ತಿಳಿದರೆ ಆಶ್ಚರ್ಯವಿಲ್ಲ, ಕೊಡಗಿನವನು ಬಾಯಿ ತೆರೆದರೆ ಇದೇ ಮಾತು ಎಂಬ ಅನುಮಾನ ಹೊರಗೆ ಇದ್ದೇ ಇದೆ. ನನ್ನ ಬೇಸರ ಬೇರೆ. ಈ ಧಾರಾವಾಹಿ ಟಿಪ್ಪುವನ್ನೂ ಸಣ್ಣವನನ್ನಾಗಿ ಮಾಡಿತು.

ಮೆಚ್ಚಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಹೈದರನಾಗಿ ಶಾಬಾಜ್ ಖಾನರ ನಿಲುವು, ನೋಟ ಈಗಲೂ ಕಣ್ಣಿನಲ್ಲಿದೆ. ಓದಲು ಬಾರದ ಒಬ್ಬ ದಂಡಾಳು ಅರಸನಾದದ್ದು ಹೇಗೆ ಎಂಬುದನ್ನು ಆ ನಟ ಮೈಯಲ್ಲೇ ತೋರಿಸಿದರು. ಇಂಗ್ಲಿಷರ ಎದುರು ನಾಲ್ಕು ಯುದ್ಧ ಮಾಡಿದ ಮೈಸೂರಿನ ಕಥೆಯನ್ನು ಉತ್ತರದ ಹಳ್ಳಿಯೂ ತಿಳಿದದ್ದು ಸಣ್ಣ ಸಾಧನೆಯಲ್ಲ. 1792ರ ಒಪ್ಪಂದದಲ್ಲಿ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾದ ತಂದೆಯ ಸಂಕಟ ಎಂಥ ಕಲ್ಲುಮನಸ್ಸನ್ನೂ ಕದಲಿಸುವಂಥದ್ದು. ಇವೆಲ್ಲದರ ಹಿಂದೆ ಒಂದು ದುರಂತದ ನೆರಳೂ ಇತ್ತು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಇದೇ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತರು. ಮೈಯೆಲ್ಲ ಸುಟ್ಟುಕೊಂಡ ಸಂಜಯ್ ಖಾನ್ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ಮತ್ತೆ ಬಂದು ಕೆಲಸ ಮುಗಿಸಿದರು. ಧಾರಾವಾಹಿಗೆ ಸಿಕ್ಕ ಮೆಚ್ಚುಗೆಯಲ್ಲಿ ಆ ಕನಿಕರದ ಪಾಲು ಎಷ್ಟೋ ಇದೆ, ಇರಲಿ. ಆದರೆ ಆ ಬೆಂಕಿಗೆ ಗಾಳಿಯಾಡದ ಸೆಟ್ಟು, ಗೋಣಿತಾಟು, ಸಡಿಲ ವೈರುಗಳು ಕಾರಣವೆಂದು ಆಗ ಕೇಳಿಬಂದದ್ದನ್ನೂ ಮರೆಯಬಾರದು. ಕಣ್ಣಿಗೆ ಕಾಣುವ ವೈಭವ ಮೊದಲು, ಉಳಿದದ್ದೆಲ್ಲ ಆಮೇಲೆ ಎಂಬ ಕಸುಬಿನ ರೀತಿ ತೆರೆಯ ಹಿಂದೆಯೂ ಅದೇ, ತೆರೆಯ ಮೇಲೂ ಅದೇ.

ಆ ರೀತಿಗೆ ಒಂದು ಮನೆತನವಿದೆ. 1987ರಲ್ಲಿ ರಮಾನಂದ ಸಾಗರರ ‘ರಾಮಾಯಣ’, 1988ರಲ್ಲಿ ಚೋಪ್ರಾರ ‘ಮಹಾಭಾರತ’, ಅದರ ಬೆನ್ನಿಗೆ ಟಿಪ್ಪು, 1991ರಲ್ಲಿ ‘ಚಾಣಕ್ಯ’, 1994ರಲ್ಲಿ ಮತ್ತೆ ಸಂಜಯ್ ಖಾನರದೇ ‘ದಿ ಗ್ರೇಟ್ ಮರಾಠಾ’. ಇಂದು ಕನ್ನಡದ ಚಾನೆಲ್‌ಗಳಲ್ಲಿ ಬರುವ ಕಿರೀಟದ ಧಾರಾವಾಹಿಗಳೂ ಇದೇ ವಂಶದವು; ಕಂಪ್ಯೂಟರಿನಲ್ಲಿ ಮಾಡಿದ ಅರಮನೆ ಒಂದು ಹೆಚ್ಚುವರಿ, ಅಷ್ಟೇ. ‘ಚಾಣಕ್ಯ’ದಲ್ಲಿ ಸಿದ್ಧತೆ, ಓದು ಹೆಚ್ಚು ಇತ್ತು, ಅದನ್ನು ಬೇರೆಯಾಗಿ ಎಣಿಸಬೇಕು. ಆದರೂ ಈ ಪರಂಪರೆ ಪುರಾಣದ ವ್ಯಾಕರಣವನ್ನು ಚರಿತ್ರೆಗೆ ಹಾಗೆ ಹಾಗೇ ಹಚ್ಚಿತು. ದರ್ಬಾರು, ಶಪಥ, ಮಾತಿನ ನಡುವೆ ಮೂರು ಮುಖಗಳಿಗೆ ಮೂರು ಸಲ ಕ್ಯಾಮೆರಾ, ವಿಶ್ವಾಸಘಾತುಕನ ಓರೆನೋಟ. ಭೀಷ್ಮನಿಗೆ ಅದು ಒಪ್ಪುತ್ತದೆ, ಭೀಷ್ಮ ನಮಗೆ ಮೊದಲೇ ಗೊತ್ತು. ಕಡತ, ಲೆಕ್ಕಪತ್ರ, ಓಲೆ ಬಿಟ್ಟುಹೋದ ಹದಿನೆಂಟನೇ ಶತಮಾನದ ಒಬ್ಬ ಮನುಷ್ಯನಿಗೆ ಅದು ಒಪ್ಪುವುದಿಲ್ಲ.

ಟಿಪ್ಪು ಬಿಟ್ಟುಹೋದ ಕಾಗದಗಳನ್ನು ನೋಡಿ. ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ ಪತ್ರಗಳಲ್ಲಿ ಕಾಣುವವನು ಎಲ್ಲದರಲ್ಲೂ ಕೈಯಾಡಿಸುವ, ಯಾರನ್ನೂ ಪೂರ್ತಿ ನಂಬದ, ನಿದ್ದೆ ಕಡಿಮೆಯ ದೊರೆ. ರೇಷ್ಮೆಹುಳು ತರಿಸುತ್ತಾನೆ, ಮಸ್ಕತ್ತಿನಲ್ಲಿ ಕೋಠಿ ತೆರೆಯುತ್ತಾನೆ, ಹೊಸ ಪಂಚಾಂಗ ಮಾಡುತ್ತಾನೆ, ಊರುಗಳ ಹೆಸರು ಬದಲಿಸುತ್ತಾನೆ, ಅಧಿಕಾರಿಗಳನ್ನು ಗದರಿಸುತ್ತಾನೆ. ರಾತ್ರಿ ಕಂಡ ಕನಸುಗಳನ್ನು ಬರೆದಿಡುತ್ತಾನೆ. ಇಂಥವನು ನಾಟಕಕಾರನಿಗೆ ಸಿಕ್ಕರೆ ಭಾಗ್ಯ. ಧಾರಾವಾಹಿಯ ಟಿಪ್ಪು ಮಾತ್ರ ಕಂತಿಗೊಂದು ಭಾಷಣ ಮಾಡುತ್ತಾನೆ. ಸಂಶಯ, ಸಿಟ್ಟು, ಚಪಲ ಯಾವುದೂ ಇಲ್ಲದೆ ಧ್ವಜಸ್ತಂಭದಂತೆ ನೇರ ನಿಂತಿರುತ್ತಾನೆ. ಕೊಡಗಿನಲ್ಲಿ ಮಾಡಿದ್ದನ್ನು ಅವನು ಯಾಕೆ ಮಾಡಿದ, ಅದೇ ಕೈ ಶೃಂಗೇರಿಗೆ ಯಾಕೆ ಕಾಣಿಕೆ ಕಳಿಸಿತು ಎಂಬ ಪ್ರಶ್ನೆ ಏಳಬೇಕಾದರೆ ಎದುರಿಗೆ ಒಬ್ಬ ಮನುಷ್ಯ ಬೇಕು. ಸ್ತಂಭವನ್ನು ಯಾರು ಪ್ರಶ್ನೆ ಕೇಳುತ್ತಾರೆ?

ಶೃಂಗೇರಿಯ ಮಾತು ಬಂದದ್ದರಿಂದ ಹೇಳುತ್ತೇನೆ. 1791ರಲ್ಲಿ ಮರಾಠರ ದಂಡು ಶೃಂಗೇರಿ ಮಠವನ್ನು ಸೂರೆ ಮಾಡಿತು. ಆಗ ಟಿಪ್ಪು ಸ್ವಾಮಿಗಳಿಗೆ ಬರೆದ ಪತ್ರಗಳು, ಬಿದನೂರಿನ ಅಸಫನಿಗೆ, ಎಂದರೆ ಪ್ರಾಂತ್ಯದ ಅಧಿಕಾರಿಗೆ, ನೆರವು ಕೊಡುವಂತೆ ಮಾಡಿದ ಅಪ್ಪಣೆ, ಇವೆಲ್ಲ ಮಠದಲ್ಲೇ ಉಳಿದಿದ್ದವು. 1916ರಲ್ಲಿ ಆರ್. ನರಸಿಂಹಾಚಾರ್ ಅವುಗಳನ್ನು ಬೆಳಕಿಗೆ ತಂದರು. ಪತ್ರಗಳು ಇರುವುದು ಕನ್ನಡದಲ್ಲಿ. ಆಸ್ಥಾನದಲ್ಲಿ ಫಾರ್ಸಿ ನಡೆಯುತ್ತಿತ್ತು, ಮನೆಯಲ್ಲಿ ದಖನಿ ಇದ್ದೀತು, ಆದರೆ ನಾಡಿನ ಜೊತೆಗಿನ ವ್ಯವಹಾರ ಕನ್ನಡವಿಲ್ಲದೆ ಸಾಗುತ್ತಿರಲಿಲ್ಲ. ಧಾರಾವಾಹಿಯ ಶ್ರೀರಂಗಪಟ್ಟಣದಲ್ಲಿ ಶಾನುಭೋಗ ಇಲ್ಲ, ಪಟೇಲ ಇಲ್ಲ, ಕಾವೇರಿಯ ದಡದಲ್ಲಿ ಬತ್ತ ಬೆಳೆಯುವವನಿಲ್ಲ. ಎಲ್ಲರೂ ಹಿಂದಿ ಸಿನಿಮಾದ ಉರ್ದುವಿನಲ್ಲಿ ಮಾತಾಡುತ್ತಾರೆ. ಇಡೀ ದೇಶಕ್ಕೆ ತಲುಪಬೇಕಾದ ಕಥೆ, ಭಾಷೆ ಹಿಂದಿಯೇ ಆಗಬೇಕಿತ್ತು ಎನ್ನುವವರು ‘ಮಾಲ್ಗುಡಿ ಡೇಸ್’ ನೋಡಲಿ. ಅದೂ ಹಿಂದಿಯದೇ, ಅದೂ ದೂರದರ್ಶನದ್ದೇ. ಶಂಕರ್ ನಾಗ್ ಆಗುಂಬೆಗೆ ಹೋಗಿ ಅಲ್ಲಿನ ಮನೆ, ಮಳೆ, ಬೀದಿಗಳ ನಡುವೆ ಚಿತ್ರಿಸಿದರು. ಸ್ವಾಮಿಯ ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮಾತು ಹಿಂದಿಯಾದರೂ ಊರು ನಮ್ಮದೇ ಅನ್ನಿಸಿತು. 2020ರಲ್ಲಿ ಕನ್ನಡಕ್ಕೆ ಡಬ್ ಆಗಿ ಬಂದಾಗ ತುಟಿ ಮಾತ್ರ ಹೊಂದಲಿಲ್ಲ, ಉಳಿದದ್ದಕ್ಕೆ ಹೊಸದಾಗಿ ಹೊಂದಿಕೊಳ್ಳಬೇಕಾಗಿಯೇ ಬರಲಿಲ್ಲ.

ಇನ್ನು ಕೊಡಗು. ಇಂಥ ಧಾರಾವಾಹಿಗಳಲ್ಲಿ ಗಡಿನಾಡು ಎಂದರೆ ದಂಡು ಹೋಗಿ ಬರುವ ಜಾಗ. ಸುಲ್ತಾನನ ಮುಂದೆ ಯಾರೋ ಬಂದು ‘ದಂಗೆಯೆದ್ದಿದ್ದಾರೆ’ ಎನ್ನುತ್ತಾನೆ, ಸುಲ್ತಾನ ಹುಬ್ಬು ಗಂಟಿಕ್ಕುತ್ತಾನೆ, ಅಲ್ಲಿಗೆ ದಂಗೆ ಮುಗಿಯಿತು. ಯುದ್ಧವೆಲ್ಲ ಬಯಲಿನಲ್ಲಿ. ಕೊಡಗಿನಲ್ಲಿ ಯುದ್ಧ ನಡೆದದ್ದು ಮಳೆಯಲ್ಲಿ, ಜಿಗಣೆಯ ನಡುವೆ, ಹತ್ತು ಮಾರು ಆಚೆ ಏನಿದೆ ಎಂದು ಕಾಣದ ಕಾಡಿನಲ್ಲಿ. ಇಲ್ಲಿನ ಗುಡ್ಡಗಳ ಮೇಲೆ ಮೈಲುಗಟ್ಟಲೆ ಹಬ್ಬಿರುವ ಕಡಂಗಗಳನ್ನು, ಎಂದರೆ ಹಳೆಯ ಕಾಲದ ಯುದ್ಧದ ಕಂದಕಗಳನ್ನು, ಕಲಾ ನಿರ್ದೇಶಕರು ಒಮ್ಮೆ ಬಂದು ನೋಡಿದ್ದರೂ ಸಾಕಿತ್ತು. ಕೋಟಿ ಖರ್ಚಿಲ್ಲದೆ ಸೆಟ್ಟು ಸಿದ್ಧವಿತ್ತು. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಪೊಲ್ಲಿಲೂರು ಕಾಳಗ ಬರೆದ ಹೆಸರಿಲ್ಲದ ಚಿತ್ರಕಾರನಿಗೆ ಈ ಕಣ್ಣು ಇತ್ತು. ಸೋತ ಇಂಗ್ಲಿಷ್ ಸೇನಾಪತಿ ಬೈಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚಿಕೊಳ್ಳುವುದನ್ನು ಅವನು ಬಿಡಲಿಲ್ಲ. ಗೆದ್ದ ದೊರೆಯ ಅರಮನೆಯಲ್ಲೇ ಸೋತವನ ಮುಖಕ್ಕೆ ಅಷ್ಟು ಜಾಗ.

ಕೊಡಗಿನ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ. ಪಾದ್ರಿ ರಿಕ್ಟರ್ 1870ರ ತಮ್ಮ ಕೊಡಗಿನ ಕೈಪಿಡಿಯಲ್ಲಿ ಬರೆದಿದ್ದಾರೆ, ಆಮೇಲೆ ಬಂದವರೂ ಹೇಳಿದ್ದಾರೆ. ಹಾಲೇರಿ ವಂಶದ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದಲ್ಲಿ ಮೈಸೂರಿನವರ ಸೆರೆಯಲ್ಲಿದ್ದವನು. 1788ರ ಕೊನೆಯಲ್ಲಿ ಕೊಡವರ ನೆರವಿನಿಂದ ತಪ್ಪಿಸಿಕೊಂಡು ಬಂದು ಕಾಡಿನಲ್ಲಿ ದಂಡು ಕೂಡಿಸಿದ. ಮೈಸೂರಿನ ಠಾಣೆಗಳು ಒಂದೊಂದಾಗಿ ಬಿದ್ದವು. 1790ರಲ್ಲಿ ತಲಶ್ಶೇರಿಯ ಇಂಗ್ಲಿಷರ ಜೊತೆ ಒಪ್ಪಂದವೂ ಆಯಿತು. ಮಡಿಕೇರಿ ಕೋಟೆ ಮಾತ್ರ ಇನ್ನೂ ಟಿಪ್ಪುವಿನ ಕೈಯಲ್ಲಿತ್ತು, ಒಳಗೆ ದವಸ ತೀರುತ್ತ ಬಂದಿತ್ತು. ಆ ಕೋಟೆಗೆ ದವಸ ತಲುಪಿಸಲು ಕಾದರ್ ಖಾನ್ ಎಂಬ ಸರದಾರ ದಂಡಿನ ಜೊತೆ ಹೊರಟ. ರಾಜನ ಜನ ಅವನನ್ನು ಕಾಡಿನಲ್ಲಿ ಸುತ್ತುಗಟ್ಟಿದರು. ಕೊಲ್ಲುವುದೊಂದು ಬಾಕಿ. ಆಗ ರಾಜನಿಗೆ ತಿಳಿಯಿತು: ತಾನು ಸೆರೆಯಲ್ಲಿದ್ದಾಗ ತನ್ನ ಮನೆಯವರಿಗೆ ದಯೆ ತೋರಿದವನೇ ಈ ಕಾದರ್ ಖಾನ್. ರಾಜ ಅವನನ್ನು ಬಿಟ್ಟ. ಬರಿಗೈಯಲ್ಲಿ ಮರಳಿದರೆ ಸುಲ್ತಾನನ ಎದುರು ಅವನ ಗತಿ ಏನಾದೀತು ಎಂದು ದವಸವನ್ನೂ ಕೋಟೆಯೊಳಕ್ಕೆ ಹೋಗಗೊಟ್ಟ. ತಾನೇ ಹಸಿವಿಗೆ ಕೆಡವುತ್ತಿದ್ದ ಕೋಟೆಗೆ ತಾನೇ ಅನ್ನ ಕಳಿಸಿದ! ಇಂಗ್ಲಿಷ್ ಸೇನಾಪತಿ ಅಬರ್‌ಕ್ರಾಂಬಿಗೆ ತಲೆಕೆಟ್ಟಿತು. ಈ ರಾಜ ಎರಡು ಕಡೆ ಆಟ ಆಡುತ್ತಿದ್ದಾನೆ ಎಂದು ಸಂಶಯಪಟ್ಟ. ಹೆಚ್ಚು ಕಾಲ ಹೋಗಲಿಲ್ಲ, ದವಸ ಮತ್ತೆ ತೀರಿತು, ಕೋಟೆ ಶರಣಾಯಿತು. ಒಳಗಿದ್ದವರನ್ನು ರಾಜ ಸುರಕ್ಷಿತವಾಗಿ ಕಳಿಸಿಕೊಟ್ಟ.

ಇದರಲ್ಲಿ ಏನು ಕಡಿಮೆ? ಹಗೆ, ಋಣ, ರಾಜಕಾರಣ, ಹೊಸ ಮಿತ್ರನ ಅನುಮಾನ, ಕೋಟೆಯೊಳಗಿನ ಹಸಿದ ಸಿಪಾಯಿ. ಟಿಪ್ಪುವಿನ ಪರ ಇರುವವನಿಗೂ ವಿರುದ್ಧ ಇರುವವನಿಗೂ ಒಂದು ಕ್ಷಣ ತನ್ನ ತೀರ್ಮಾನ ಸಡಿಲಾಗುವಂಥ ಕಥೆ. ಧಾರಾವಾಹಿಯ ಭಾರವೆಲ್ಲ ಎಲ್ಲಿ ಬಿದ್ದಿದೆಯೋ ಅಲ್ಲಿಂದ ಇಂಥದ್ದು ಕಾಣುವುದೇ ಇಲ್ಲ, ಏಕೆಂದರೆ ಇದರ ಕೇಂದ್ರದಲ್ಲಿ ಸುಲ್ತಾನನಿಲ್ಲ. ಇದರಲ್ಲಿ ಖಳನಿಲ್ಲ ಎಂಬುದೂ ಇನ್ನೊಂದು ತೊಡಕು. ಟಿಪ್ಪುವಿಗೆ ದ್ರೋಹ ಬಗೆದ ಮೀರ್ ಸಾದಿಕನಂಥವನು ಇಲ್ಲದೆ ಕಥೆ ನಡೆಸುವ ಅಭ್ಯಾಸ ಈ ಪಂಥಕ್ಕೆ ಇಲ್ಲ.

ಗಿರೀಶ ಕಾರ್ನಾಡರು ಇದೇ ವಸ್ತುವನ್ನು ಬಿಬಿಸಿ ರೇಡಿಯೋಗೆಂದು ನಾಟಕ ಮಾಡಿದರು, ಕನ್ನಡದಲ್ಲಿ ‘ಟಿಪ್ಪು ಸುಲ್ತಾನ ಕಂಡ ಕನಸು’. ಅಲ್ಲಿ ಸೆಟ್ಟಿನ ಮಾತೇ ಇಲ್ಲ, ಬರೀ ದನಿ. ಟಿಪ್ಪುವಿನ ಆಸ್ಥಾನದ ಇತಿಹಾಸಕಾರ ಕಿರ್ಮಾನಿಯೂ ಇಂಗ್ಲಿಷರ ಕಾಲಿನ್ ಮೆಕೆಂಜಿಯೂ ಸತ್ತವನ ಕಥೆಯನ್ನು ಮತ್ತೆ ಕಟ್ಟುತ್ತ ಕೂರುತ್ತಾರೆ. ಕಥೆ ಹೇಳುವವನೇ ಸಂಶಯದಲ್ಲಿದ್ದಾನೆ, ಹಾಗಾಗಿ ಕೇಳುವವನೂ ಎಚ್ಚರವಾಗಿರುತ್ತಾನೆ. ಕಾರ್ನಾಡರ ಟಿಪ್ಪುವೂ ನನಗೆ ಪೂರ್ತಿ ಒಪ್ಪಿಗೆಯಲ್ಲ. ಕೊಡಗು, ಮಲಬಾರುಗಳ ಭಾರ ಅಲ್ಲೂ ಹಗುರವೇ. ಆದರೆ ಅವನು ಉಸಿರಾಡುತ್ತಾನೆ. ದೂರದರ್ಶನದಲ್ಲೇ 1988ರಲ್ಲಿ ಗೋವಿಂದ ನಿಹಲಾನಿಯವರ ‘ತಮಸ್’ ಬಂದಿತ್ತು. ಅದಕ್ಕೂ ಕೋರ್ಟು, ಅದಕ್ಕೂ ಗದ್ದಲ. ಅದು ಶುರುವಾಗುವುದು ಚರ್ಮ ಹದ ಮಾಡುವ ಒಬ್ಬ ಬಡವ ಹಂದಿ ಕೊಲ್ಲಲು ಒದ್ದಾಡುವಲ್ಲಿಂದ. ದೇಶ ಒಡೆದ ಕಥೆಯನ್ನು ನಾಯಕರ ಮೇಜಿನಿಂದ ಹೇಳದೆ ಅಂಥ ಕೋಣೆಯಿಂದ ಹೇಳಿದರು. ಕನ್ನಡದಲ್ಲಿ ವೈಶಾಲಿ ಕಾಸರವಳ್ಳಿಯವರ ‘ಮೂಡಲ ಮನೆ’ ಇತ್ತು. ಉತ್ತರ ಕರ್ನಾಟಕದ ಒಂದು ದೊಡ್ಡ ಮನೆ, ಅಲ್ಲಿನ ಮಾತು, ಅಡುಗೆಮನೆ, ಪಡಸಾಲೆ. ದಿನವೂ ಬರುವ ಧಾರಾವಾಹಿಯ ಎಳೆತ ಅದಕ್ಕೂ ಇತ್ತು, ಕೆಲವು ವಾರ ಕಥೆ ನಿಂತಲ್ಲೇ ನಿಂತಿತ್ತು. ಆದರೂ ಹಳೆಯ ಕಾಲ ಎಂದರೆ ಒಡವೆಯಲ್ಲ, ಜನ ಬದುಕಿದ ರೀತಿ ಎಂದು ತಿಳಿದವರು ಮಾಡಿದ ಕೆಲಸ ಅದು. ಈ ದಾರಿ ಮುಂದುವರಿಯಲಿಲ್ಲ. ಕಿರೀಟದ ದಾರಿಗೆ ಜಾಹೀರಾತು ಸಿಗುತ್ತದೆ.

ಕೊಡಗಿನ ಒಳಗಿನವರಿಗೂ ಒಂದು ಮಾತು ಹೇಳಲೇಬೇಕು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿತು, ನವೆಂಬರ್ 10ರಂದು ಮಡಿಕೇರಿಯಲ್ಲಿ ಗಲಭೆಯಾಗಿ ಪ್ರಾಣಹಾನಿಯೂ ಆಯಿತು. 2019ರಲ್ಲಿ ಬೇರೆ ಸರ್ಕಾರ ಬಂದು ಜಯಂತಿಯನ್ನು ಕೈಬಿಟ್ಟಿತು. ಆ ವರ್ಷಗಳಲ್ಲಿ ಎರಡೂ ಕಡೆಯಿಂದ ಕೇಳಿದ ಭಾಷಣಗಳಲ್ಲಿ ನನಗೆ ಆ ಧಾರಾವಾಹಿಯದೇ ಸಂಭಾಷಣೆ ಕೇಳಿಸಿತು. ಒಬ್ಬರಿಗೆ ಕಳಂಕವಿಲ್ಲದ ಹುಲಿ, ಇನ್ನೊಬ್ಬರಿಗೆ ಬರೀ ರಾಕ್ಷಸ. ವ್ಯಾಕರಣ ಒಂದೇ. ದೊಡ್ಡವೀರರಾಜೇಂದ್ರನನ್ನು ನಾವು ಎತ್ತಿ ನಿಲ್ಲಿಸುವುದೂ ಅದೇ ಬಗೆಯಲ್ಲಿ. ಕಾದರ್ ಖಾನನನ್ನು ಬಿಟ್ಟ ಅದೇ ದೊರೆ ಕೊನೆಗಾಲದಲ್ಲಿ ಸಂಶಯದ ರೋಗಕ್ಕೆ ಬಿದ್ದು ತನ್ನ ಸುತ್ತಲಿನವರನ್ನೇ ಕೊಲ್ಲಿಸಿದ. ಅವನೇ ಬರೆಸಿದ ‘ರಾಜೇಂದ್ರನಾಮೆ’ಯಲ್ಲಿ ಅದು ಬರುವುದಿಲ್ಲ, ಬರುವುದಾದರೂ ಹೇಗೆ! ಗದ್ದೆಯಲ್ಲಿ ಜೀತಕ್ಕಿದ್ದ ಹೊಲೆಯರು, ಕಾಡಂಚಿನ ಕುಡಿಯರು ರಾಜನ ಪುಸ್ತಕದಲ್ಲೂ ಇಲ್ಲ, ಸುಲ್ತಾನನ ಧಾರಾವಾಹಿಯಲ್ಲೂ ಇಲ್ಲ. ಮಾಸ್ತಿಯವರು ‘ಚಿಕವೀರ ರಾಜೇಂದ್ರ’ದಲ್ಲಿ ಕೊನೆಯ ದೊರೆಯನ್ನು ಅವನ ಕೇಡಿನ ಸಮೇತ ಎದುರು ಕೂರಿಸಿಕೊಂಡು ಮಾತಾಡಿಸಿದರು. 1983ರಲ್ಲಿ ಅದಕ್ಕೆ ಜ್ಞಾನಪೀಠ ಬಂದಾಗ ಹೆಮ್ಮೆಪಟ್ಟೆವು, ಅದರಿಂದ ಕಲಿತದ್ದು ಕಡಿಮೆ.

ಈಗ ಅಮರ ಸುಳ್ಯದ ಸರದಿ. 1837ರಲ್ಲಿ ಇಂಗ್ಲಿಷರ ವಿರುದ್ಧ ಅಲ್ಲಿ ಎದ್ದ ದಂಗೆಯ ಗುಡ್ಡೆಮನೆ ಅಪ್ಪಯ್ಯ ಗೌಡರ ಪ್ರತಿಮೆ ಮಡಿಕೇರಿಯಲ್ಲಿದೆ, ಕೆದಂಬಾಡಿ ರಾಮಯ್ಯ ಗೌಡರದು 2022ರಲ್ಲಿ ಮಂಗಳೂರಿನಲ್ಲಿ ನಿಂತಿತು. ಅರೆಭಾಷೆಯ ಮನೆಗಳಿಗೆ ಇದು ಅಭಿಮಾನದ ವಿಷಯ, ನನಗೂ ಹೌದು. ಇದು ಧಾರಾವಾಹಿಯಾಗಬೇಕು ಎಂಬ ಮಾತು ನಮ್ಮ ಕಡೆಯ ಸಭೆಗಳಲ್ಲಿ ಕೇಳಿಬರುತ್ತದೆ. ಆದರೆ ಯಾವ ರೀತಿಯಲ್ಲಿ? ಕತ್ತಿ ಎತ್ತಿ ಘೋಷಣೆ ಕೂಗುವ ಗೌಡರನ್ನು ಮಾಡುವುದು ಸುಲಭ. ಆ ದಂಗೆಯ ಬೇರು ಇದ್ದದ್ದು ಪತ್ತಾಯದಲ್ಲಿ. 1834ರಲ್ಲಿ ಕೊಡಗನ್ನು ಕಂಪನಿ ನುಂಗಿದ ಮೇಲೆ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿದರು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ರೊಕ್ಕದಲ್ಲೇ ಕೊಡಬೇಕೆಂದರು. ರೊಕ್ಕಕ್ಕೆ ಸಾಹುಕಾರನ ಬಾಗಿಲು, ಸಾಹುಕಾರನಿಗೆ ಬಡ್ಡಿ. ಒಬ್ಬ ರೈತ ತನ್ನ ಪತ್ತಾಯದಲ್ಲಿ ಬತ್ತ ತುಂಬಿದ್ದರೂ ಕಂದಾಯ ಕಟ್ಟಲಾರದೆ ನಿಂತ ದೃಶ್ಯ, ಅಲ್ಲಿಂದ ಕಥೆ ಶುರುವಾಗಬೇಕು. ನಿರಂಜನರು ‘ಕಲ್ಯಾಣಸ್ವಾಮಿ’ ಕಾದಂಬರಿಯಲ್ಲಿ ಆ ಜನರ ಕಡೆಗೇ ಮುಖ ಮಾಡಿದ್ದರು. ಅವರು ಸುಳ್ಯದ ನೆಲದಲ್ಲಿ ಬೆಳೆದವರು.

ಆದ್ದರಿಂದ ಚಾನೆಲ್‌ಗಳಿಗೂ ಒಟಿಟಿಯವರಿಗೂ ಬರೆಯುವ ಕನ್ನಡದ ತರುಣರಲ್ಲಿ ನನ್ನ ಕೋರಿಕೆ ಇಷ್ಟು. ಅರವತ್ತು ಕಂತು ಬೇಡ, ಆರು ಸಾಕು. ಕಾದರ್ ಖಾನನ ಪ್ರಸಂಗ ಒಂದನ್ನೇ ತೆಗೆದುಕೊಳ್ಳಿ. ಮಡಿಕೇರಿಯಲ್ಲಿ ಅರೆಭಾಷೆ ಅಕಾಡೆಮಿ 2011ರಿಂದ ಇದೆ, ಕೊಡವ ಅಕಾಡೆಮಿ ಅದಕ್ಕೂ ಮೊದಲಿನದು. ಮಾತು ತಿದ್ದಿಕೊಡುವವರು ಅಲ್ಲಿ ಸಿಗುತ್ತಾರೆ. ಕೋಟೆಯ ಒಳಗಿನವರು ದಖನಿ, ಕನ್ನಡ ಆಡಲಿ, ಕಾಡಿನಲ್ಲಿ ಕಾದವರು ಕೊಡವ ತಕ್ಕ್, ಅರೆಭಾಷೆ ಆಡಲಿ, ಕೆಳಗೆ ಅಕ್ಷರ ಹಾಕಿ. ಜುಲೈಯಲ್ಲಿ ಬಂದು ಚಿತ್ರಿಸಿ. ಮಳೆ ಬಿಡುವುದಿಲ್ಲ, ರಸ್ತೆ ಮುಚ್ಚಬಹುದು, ಕ್ಯಾಮೆರಾದವರು ಬೈಯುತ್ತಾರೆ. ಟಿಪ್ಪುವಿನ ದಂಡೂ ಅದೇ ಮಳೆಯಲ್ಲಿ ನಡೆದದ್ದು.